ತೂಕ ನಾರ್ಮಲ್, ಹೊಟ್ಟೆ ಅಲ್ಲ: ಪಿಸಿಒಎಸ್ ಮತ್ತು ಮೈಕೊಬ್ಬಿನ ಒಂದು ಪ್ರಕರಣ

27 ವರ್ಷದ ಮಹಿಳೆ. ಎತ್ತರ 158 ಸೆಂ.ಮೀ., ತೂಕ 59 ಕಿಲೊ. ಮುಟ್ಟಾಗಿ 82 ದಿನ ಕಳೆದಿದೆ. ಗಲ್ಲದ ಮೇಲೆ ಗಡುಸು ಕೂದಲು, ಕತ್ತಿನ ಹಿಂಭಾಗದಲ್ಲಿ ಎಷ್ಟು ಉಜ್ಜಿದರೂ ಹೋಗದ ಕಪ್ಪು. ಹಿಂದೆ ಒಂದು ಕಡೆ ಸ್ಕ್ಯಾನಿಂಗ್ ಮಾಡಿಸಿದಾಗ ಬಂದ ಉತ್ತರ ಇಷ್ಟೇ: "ಪಿಸಿಒಡಿ ಇದೆ, ಆದರೆ ನಿಮ್ಮ ತೂಕ ನಾರ್ಮಲ್, ತಲೆ ಕೆಡಿಸಿಕೊಳ್ಳಬೇಡಿ."

ಇದು ಒಬ್ಬರೇ ರೋಗಿಯ ಕಡತವಲ್ಲ. ಮತ್ತೆ ಮತ್ತೆ ಕಣ್ತಪ್ಪಿ ಹೋಗುವ ಒಂದು ಬಗೆಯ ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಂಡಾಶಯ ಮತ್ತು ಹಾರ್ಮೋನುಗಳ ಏರುಪೇರು; ಜನ ಪಿಸಿಒಡಿ ಎನ್ನುವುದೂ ಇದನ್ನೇ) ಅನ್ನು ಬಿಡಿಸಿ ತೋರಿಸಲು ಜೋಡಿಸಿದ ಮಾದರಿ ಪ್ರಕರಣ. ಅಂಕಿಗಳನ್ನು ಆ ಬಗೆಗೆ ಹೊಂದುವಂತೆ ಇಡಲಾಗಿದೆ.

ತಕ್ಕಡಿ ಹೇಳಿದ್ದು, ಟೇಪು ಹೇಳಿದ್ದು

59 ಕಿಲೊವನ್ನು 1.58ರ ವರ್ಗದಿಂದ ಭಾಗಿಸಿದರೆ ಬಿಎಂಐ 23.6. ಸಾಮಾನ್ಯ ಪಟ್ಟಿಯಲ್ಲಿ 25ರ ಕೆಳಗೆ, ಅಂದರೆ ಹಸಿರು ಬಣ್ಣ. ಆದರೆ ಏಷ್ಯಾ ಮೂಲದವರಲ್ಲಿ ಅದೇ ಬಿಎಂಐಗೆ ಹೆಚ್ಚು ಕೊಬ್ಬು, ಅದರಲ್ಲೂ ಹೊಟ್ಟೆಯೊಳಗೆ, ಕೂತಿರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2004ರಲ್ಲಿ ಏಷ್ಯನ್ನರ ಮಟ್ಟಿಗೆ 23 ಮತ್ತು 27.5 ಅನ್ನು ಎಚ್ಚರಿಕೆಯ ಗೆರೆಗಳಾಗಿ ಸೂಚಿಸಿತು. ಈಕೆ ಮೊದಲ ಗೆರೆಯನ್ನು ಆಗಲೇ ದಾಟಿದ್ದಾರೆ.

ಹೊಟ್ಟೆಯ ಸುತ್ತಳತೆ 86 ಸೆಂ.ಮೀ. ಎತ್ತರದಿಂದ ಭಾಗಿಸಿದರೆ 0.54. ಸುತ್ತಳತೆ ಎತ್ತರದ ಅರ್ಧವನ್ನು ಮೀರಬಾರದೆಂಬ ಲೆಕ್ಕ ನೆನಪಿಡಲು ಸುಲಭ, ಯಾವ ಮೂಲದವರಿಗೂ ಅನ್ವಯಿಸುತ್ತದೆ. ಇವರಿಗೆ ಆ ಅರ್ಧ ಎಂದರೆ 79.

ಟೇಪು ಹಿಡಿಯುವುದರಲ್ಲೇ ಮೂರು ನಾಲ್ಕು ಸೆಂಟಿಮೀಟರ್ ಹೆಚ್ಚುಕಡಿಮೆ ಆಗಿಬಿಡುತ್ತದೆ. ಪಕ್ಕೆಲುಬಿನ ಕೊನೆಯ ಎಲುಬನ್ನೂ ಸೊಂಟದ ಎಲುಬಿನ ಮೇಲಂಚನ್ನೂ ಬೆರಳಿಂದ ಒತ್ತಿ ಹುಡುಕಬೇಕು. ಅವೆರಡರ ನಡುಮಧ್ಯದಲ್ಲಿ ಟೇಪು ಬರಬೇಕು. ಹೊಕ್ಕುಳಿನ ಮೇಲೆ ಅಲ್ಲ, ಪ್ಯಾಂಟು ಕಟ್ಟುವ ಜಾಗದಲ್ಲೂ ಅಲ್ಲ. ಟೇಪು ನೆಲಕ್ಕೆ ಸಮಾನಾಂತರವಾಗಿರಲಿ, ಚರ್ಮಕ್ಕೆ ತಾಗಲಿ, ಒತ್ತದಿರಲಿ. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಬೇಕು. ಟೇಪು ಕಂಡೊಡನೆ ಹೊಟ್ಟೆ ಒಳಗೆಳೆದುಕೊಳ್ಳದವರು ಕಡಿಮೆ, ಹಾಗಾಗಿ ಮಾತಾಡಿಸುತ್ತಾ ಎರಡು ಸಲ ಅಳೆದು ಸರಾಸರಿ ತೆಗೆದುಕೊಳ್ಳುವುದು ಮೇಲು.

ಹಿನ್ನೆಲೆ

ಮೊದಲ ಮುಟ್ಟು 13ಕ್ಕೆ. 22ರವರೆಗೆ 28ರಿಂದ 32 ದಿನದ ಚಕ್ರ, ತೂಕ 50 ಕಿಲೊ. ನಂತರ ಕೂತು ಮಾಡುವ ಕೆಲಸ, ನಿದ್ದೆ ಐದೂವರೆ ಗಂಟೆ. ನಾಲ್ಕು ವರ್ಷದಲ್ಲಿ ಎಂಟು ಕಿಲೊ ಏರಿತು. ಚಕ್ರ 45 ದಿನವಾಯಿತು, ಆಮೇಲೆ 70. ಕಳೆದ 12 ತಿಂಗಳಲ್ಲಿ ಮುಟ್ಟಾಗಿದ್ದು ಆರು ಸಲ. ಎರಡು ವರ್ಷದ ಹಿಂದೆ ಆರು ತಿಂಗಳು ಗರ್ಭನಿರೋಧಕ ಮಾತ್ರೆ ತೆಗೆದುಕೊಂಡಾಗ ತಿಂಗಳು ತಿಂಗಳು ಸರಿಯಾಗಿ ರಕ್ತಸ್ರಾವವಾಗಿತ್ತು. ಬಿಟ್ಟ ಮೇಲೆ ಮತ್ತೆ ಮೊದಲಿನ ಸ್ಥಿತಿ. ಮಾತ್ರೆಯಿಂದ ಬರುವ ಸ್ರಾವ ಅಂಡ ಬಿಡುಗಡೆಯಾದದ್ದರ ಗುರುತಲ್ಲ, ಮಾತ್ರೆ ನಿಲ್ಲಿಸಿದ ದಿನಗಳಲ್ಲಿ ಒಳಪದರ ಕಳಚುವುದಷ್ಟೆ. "ಆಗ ವಾಸಿಯಾಗಿತ್ತು, ಮತ್ತೆ ಬಂತು" ಎಂದು ಇವರು ತಿಳಿದಿದ್ದರು.

ಕಳೆದ ವರ್ಷ ಎರಡು ತಿಂಗಳು ದಿನಕ್ಕೆ ಸುಮಾರು 1000 ಕ್ಯಾಲೊರಿಯ ಪಥ್ಯ. 58 ಇದ್ದ ತೂಕ 53ಕ್ಕೆ ಇಳಿಯಿತು, ಆದರೆ ಮುಟ್ಟು ಪೂರಾ ನಿಂತಿತು. ಪಥ್ಯ ಬಿಟ್ಟ ಏಳು ತಿಂಗಳಲ್ಲಿ ತೂಕ 59. ಈ ತುಣುಕು ಮುಖ್ಯ, ಮುಂದೆ ಮತ್ತೆ ಬರುತ್ತದೆ.

ರೋಗನಿರ್ಣಯ

2003ರ ರಾಟರ್‌ಡ್ಯಾಮ್ ಮಾನದಂಡದ ಪ್ರಕಾರ ಮೂರರಲ್ಲಿ ಎರಡು ಇರಬೇಕು: ಅಂಡೋತ್ಪತ್ತಿಯ ಏರುಪೇರು, ಆಂಡ್ರೋಜನ್ (ಟೆಸ್ಟೋಸ್ಟಿರಾನಿನಂಥ ಗಂಡು ಹಾರ್ಮೋನು) ಹೆಚ್ಚಳ, ಸ್ಕ್ಯಾನ್‌ನಲ್ಲಿ ಬಹುಕೋಶಕಗಳಿರುವ ಅಂಡಾಶಯ. ಇದೇ ಚಿತ್ರ ಕೊಡುವ ಬೇರೆ ಕಾಯಿಲೆಗಳಿಲ್ಲವೆಂದು ಖಾತ್ರಿಯೂ ಆಗಬೇಕು. 35 ದಿನ ಮೀರುವ ಚಕ್ರ ಅಥವಾ ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಮುಟ್ಟು ಎಂದರೆ ಮೊದಲನೆಯದು ಆಯಿತು. ಮೈಮೇಲಿನ ಒಂಬತ್ತು ಜಾಗದ ಕೂದಲಿಗೆ ಅಂಕ ಕೊಡುವ ಪದ್ಧತಿಯಲ್ಲಿ ಇವರಿಗೆ 9 ಬಂತು. ಜನಾಂಗಕ್ಕೆ ತಕ್ಕಂತೆ 4ರಿಂದ 6 ದಾಟಿದರೆ ಹೆಚ್ಚು ಎಂದು ಲೆಕ್ಕ. ಅಲ್ಲಿಗೆ ಎರಡು ಸಿಕ್ಕವು, ಸ್ಕ್ಯಾನ್ ಇಲ್ಲದೆಯೇ ಹೆಸರು ಇಡಬಹುದಿತ್ತು. ಸ್ಕ್ಯಾನ್ ಮಾಡಿದ್ದು ಗರ್ಭಕೋಶದ ಒಳಪದರ ನೋಡಲು.

ಗರ್ಭ ಪರೀಕ್ಷೆ ನೆಗೆಟಿವ್. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಬೆಳಗಿನ 17-ಹೈಡ್ರಾಕ್ಸಿಪ್ರೊಜೆಸ್ಟರಾನ್ ಮೂರೂ ಸರಿ, ಅಂದರೆ ಇದೇ ಚಿತ್ರ ಕೊಡುವ ಬೇರೆ ಕಾಯಿಲೆಗಳ ಸುಳಿವಿಲ್ಲ. ಒಟ್ಟು ಟೆಸ್ಟೋಸ್ಟಿರಾನ್ ಡೆಸಿಲೀಟರಿಗೆ 55 ನ್ಯಾನೊಗ್ರಾಂ, ಪ್ರಯೋಗಾಲಯದ ಮಿತಿಯೊಳಗೇ. ತಪ್ಪಿಹೋಗುವುದು ಇಲ್ಲೇ. ರಕ್ತದಲ್ಲಿ ಟೆಸ್ಟೋಸ್ಟಿರಾನನ್ನು ಹಿಡಿದಿಟ್ಟುಕೊಳ್ಳುವ ಎಸ್‌ಎಚ್‌ಬಿಜಿ ಎಂಬ ಪ್ರೊಟೀನು ಲೀಟರಿಗೆ 19 ನ್ಯಾನೊಮೋಲ್ ಮಾತ್ರ ಇತ್ತು. ಮುಕ್ತ ಆಂಡ್ರೋಜನ್ ಸೂಚ್ಯಂಕ ತೆಗೆಯಲು ಟೆಸ್ಟೋಸ್ಟಿರಾನನ್ನೂ ನ್ಯಾನೊಮೋಲಿಗೆ ತರಬೇಕು: 55ನ್ನು 28.8ರಿಂದ ಭಾಗಿಸಿದರೆ 1.9. ಅದನ್ನು ನೂರರಿಂದ ಗುಣಿಸಿ 19ರಿಂದ ಭಾಗಿಸಿದರೆ 10. ಸಾಕಷ್ಟು ಹೆಚ್ಚು. ಏಕಮಾನ ಬದಲಿಸದೆ 55ನ್ನೇ ಹಾಕಿ 289 ಎಂಬ ಭೂತವನ್ನು ಹುಟ್ಟಿಸಿ ಹೆದರುವವರೂ ಇದ್ದಾರೆ.

ಉಳಿದವು: ಬರಿಹೊಟ್ಟೆಯ ಗ್ಲೂಕೋಸ್ 94, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 5.5. ಎರಡೂ ನಾರ್ಮಲ್. ಆದರೆ 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಯ ನಂತರ 152. 140 ದಾಟಿತೆಂದರೆ ಮಧುಮೇಹದ ಹೊಸ್ತಿಲು. ಪಿಸಿಒಎಸ್ ಇರುವವರಿಗೆ ತೂಕ ಎಷ್ಟೇ ಇರಲಿ ಈ ಪರೀಕ್ಷೆ ಮಾಡಿ ಎನ್ನುವುದು ಇದಕ್ಕೇ. ಬರಿಹೊಟ್ಟೆಯ ಅಂಕಿ ಎಷ್ಟೋ ಸಲ ಏನನ್ನೂ ಬಿಟ್ಟುಕೊಡುವುದಿಲ್ಲ. ಟ್ರೈಗ್ಲಿಸರೈಡ್ 178, ಎಚ್‌ಡಿಎಲ್ 38, ಯಕೃತ್ತಿನಲ್ಲಿ ಸ್ವಲ್ಪ ಕೊಬ್ಬು. ಬರಿಹೊಟ್ಟೆಯ ಇನ್ಸುಲಿನ್ 18. ಮೈ ಇನ್ಸುಲಿನ್ ಮಾತು ಎಷ್ಟು ಕೇಳುತ್ತಿಲ್ಲ ಎಂದು ಅಂದಾಜಿಸುವ ಹೋಮಾ ಲೆಕ್ಕದಲ್ಲಿ 94 ಗುಣಿಸು 18, ಭಾಗಿಸು 405, ಅಂದರೆ 4.2. ಇನ್ಸುಲಿನ್ ಪರೀಕ್ಷೆ ದಿನನಿತ್ಯದ ಚಿಕಿತ್ಸೆಗೆ ಕಡ್ಡಾಯವಲ್ಲ, ಅಳೆಯುವ ವಿಧಾನ ಲ್ಯಾಬಿನಿಂದ ಲ್ಯಾಬಿಗೆ ಬೇರೆ. ಒಂದೇ ಲ್ಯಾಬಿನಲ್ಲಿ ಮೊದಲು ಮತ್ತು ನಂತರ ಹೋಲಿಸಲು ಮಾತ್ರ ಇಲ್ಲಿ ಬಳಸಲಾಗಿದೆ.

ಸ್ಕ್ಯಾನ್ ವರದಿಯಲ್ಲಿ "ಸಿಸ್ಟ್" ಎಂದು ಕಂಡು ಗಾಬರಿಯಾಗಬೇಕಿಲ್ಲ. ಅವು ಗಡ್ಡೆಗಳಲ್ಲ, ಅರ್ಧಕ್ಕೆ ಬೆಳೆದು ನಿಂತ ಅಂಡಕೋಶಕಗಳು. ಬಲ ಅಂಡಾಶಯ 12.4 ಮಿ.ಲೀ.; 10 ದಾಟಿದರೆ ದೊಡ್ಡದು. ಒಳಪದರ 11 ಮಿ.ಮೀ.

ಕೊಬ್ಬು ಇಲ್ಲಿ ಮಾಡುತ್ತಿರುವುದೇನು

ಚರ್ಮದ ಕೆಳಗಿನ ಕೊಬ್ಬು, ಅದರಲ್ಲೂ ತೊಡೆ ಮತ್ತು ಪೃಷ್ಠದ್ದು, ಹೆಚ್ಚುವರಿ ಶಕ್ತಿಯನ್ನು ಕೂಡಿಡುವ ಉಗ್ರಾಣ. ಉಗ್ರಾಣ ತುಂಬಿದಾಗ, ಅಥವಾ ಹುಟ್ಟಿನಿಂದಲೇ ಚಿಕ್ಕದಿದ್ದಾಗ, ಕೊಬ್ಬು ಕರುಳಿನ ಸುತ್ತ, ಯಕೃತ್ತಿನೊಳಗೆ, ಸ್ನಾಯುವಿನೊಳಗೆ ಸೇರುತ್ತದೆ. ಒಬ್ಬರ ಉಗ್ರಾಣ 90 ಕಿಲೊದಲ್ಲಿ ತುಂಬಿದರೆ ಇನ್ನೊಬ್ಬರದು 59ಕ್ಕೇ ತುಂಬುತ್ತದೆ. ಪಿಸಿಒಎಸ್ ಇರುವವರಲ್ಲಿ ಕೊಬ್ಬಿನ ಕೋಶಗಳು ಗಾತ್ರದಲ್ಲಿ ಉಬ್ಬಿರುವುದೂ, ಇನ್ಸುಲಿನ್‌ಗೆ ನೆರವಾಗುವ ಅಡಿಪೊನೆಕ್ಟಿನ್ ಕಡಿಮೆ ಇರುವುದೂ ಕಂಡುಬಂದಿದೆ.

ಹೀಗೆ ಉಕ್ಕಿದ ಕೊಬ್ಬು ಇನ್ಸುಲಿನ್ ಮಾತು ನಡೆಯದಂತೆ ಮಾಡುತ್ತದೆ. ಸ್ನಾಯು ಕೇಳದಿದ್ದರೆ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಇಲ್ಲೊಂದು ವಿಚಿತ್ರವಿದೆ: ಸ್ನಾಯು ಕಿವುಡಾದರೂ ಅಂಡಾಶಯ ಕಿವುಡಾಗುವುದಿಲ್ಲ. ಹೆಚ್ಚಾದ ಇನ್ಸುಲಿನ್ ಮತ್ತು ಮಿದುಳಿನ ಬುಡದ ಗ್ರಂಥಿಯಿಂದ ಬರುವ ಎಲ್‌ಎಚ್ ಹಾರ್ಮೋನು ಸೇರಿ ಅಲ್ಲಿನ ಥೀಕಾ ಕೋಶಗಳಲ್ಲಿ ಆಂಡ್ರೋಜನ್ ತಯಾರಿಕೆಯನ್ನು ಹೆಚ್ಚಿಸುತ್ತವೆ. ಅದೇ ಇನ್ಸುಲಿನ್ ಯಕೃತ್ತಿಗೆ ಎಸ್‌ಎಚ್‌ಬಿಜಿ ತಯಾರಿ ತಗ್ಗಿಸಲು ಹೇಳುತ್ತದೆ. ಒಂದು ಕಡೆ ಸರಕು ಹೆಚ್ಚು, ಇನ್ನೊಂದು ಕಡೆ ಅದನ್ನು ಕಟ್ಟಿಡುವ ಹಗ್ಗ ಕಡಿಮೆ. ಇವರ ಒಟ್ಟು ಟೆಸ್ಟೋಸ್ಟಿರಾನ್ ಸರಿಯಿದ್ದೂ ಗಲ್ಲದಲ್ಲಿ ಕೂದಲು ಬಂದದ್ದು ಹೀಗೆ.

ಕೊಬ್ಬು ಬರಿ ಇನ್ಸುಲಿನ್ ಮೂಲಕ ಕೆಲಸ ಮಾಡುವುದಿಲ್ಲ, ತಾನೇ ಹಾರ್ಮೋನು ಬದಲಿಸುವ ಕಾರ್ಖಾನೆ ಕೂಡ. ಅದರಲ್ಲಿರುವ ಎಕೆಆರ್1ಸಿ3 ಎಂಬ ಕಿಣ್ವ ಸೌಮ್ಯವಾದ ಆಂಡ್ರೋಸ್ಟಿನ್‌ಡಯೋನನ್ನು ಬಲವಾದ ಟೆಸ್ಟೋಸ್ಟಿರಾನ್ ಮಾಡುತ್ತದೆ. ಇನ್ಸುಲಿನ್ ಈ ಕಿಣ್ವವನ್ನೂ ಹೆಚ್ಚಿಸುತ್ತದೆ. ಅರೊಮಟೇಸ್ ಎಂಬ ಇನ್ನೊಂದು ಕಿಣ್ವ ಆಂಡ್ರೋಜನ್ನಿನಿಂದ ಈಸ್ಟ್ರೋನ್ ಎಂಬ ಈಸ್ಟ್ರೋಜನ್ ಮಾಡುತ್ತದೆ. ಅಂಡ ಬಿಡುಗಡೆಯಾಗದಿದ್ದರೆ, ಒಳಪದರದ ಬೆಳವಣಿಗೆಗೆ ತಡೆ ಹಾಕುವ ಪ್ರೊಜೆಸ್ಟರಾನ್ ಬರುವುದಿಲ್ಲ. ಆಗ ಈ ಈಸ್ಟ್ರೋಜನ್ ತಡೆಯಿಲ್ಲದೆ ಗರ್ಭಕೋಶದ ಒಳಪದರವನ್ನು ಬೆಳೆಸುತ್ತಲೇ ಹೋಗುತ್ತದೆ. ವರ್ಷಗಟ್ಟಲೆ ಹೀಗಾದರೆ ಒಳಪದರದ ಕ್ಯಾನ್ಸರಿನ ಅಪಾಯ ಏರುತ್ತದೆ. "ಮುಟ್ಟಾಗದಿದ್ದರೆ ಒಳ್ಳೆಯದೇ ಆಯ್ತಲ್ಲ" ಎಂದು ಸುಮ್ಮನಿರಬಾರದು ಎನ್ನುವುದಕ್ಕೆ ಕಾರಣ ಇದೇ.

ಆಂಡ್ರೋಜನ್ ಏರಿದಷ್ಟೂ ಕೊಬ್ಬು ಹೊಟ್ಟೆಯ ಕಡೆ ವಾಲುತ್ತದೆ. ಹಾಗಾಗಿ ಇದೊಂದು ವರ್ತುಲ. ಯಾವುದು ಮೊದಲು ಎಂದು ಒಬ್ಬ ರೋಗಿಯಲ್ಲಿ ಬಿಡಿಸಿ ಹೇಳಲಾಗದು. ವಂಶವಾಹಿಗಳನ್ನು ಆಧರಿಸಿದ ವಿಶ್ಲೇಷಣೆಗಳಲ್ಲಿ ಮೈತೂಕ ಹೆಚ್ಚಿಸುವ ಅಂಶಗಳು ಪಿಸಿಒಎಸ್ ಸಾಧ್ಯತೆಯನ್ನೂ ಹೆಚ್ಚಿಸುವುದು ಕಂಡಿದೆ. ಹಾಗೆಂದು ಎಲ್ಲಾ ಪಿಸಿಒಎಸ್‌ಗೂ ಕೊಬ್ಬೇ ಮೂಲವಲ್ಲ, ಹೊಟ್ಟೆಯ ಅಳತೆ ಸರಿಯಿದ್ದೂ ಪಿಸಿಒಎಸ್ ಇರುವವರಿದ್ದಾರೆ.

ಇದಕ್ಕಿಂತ ಅಪಾಯದ ಎಡವಟ್ಟು ಮತ್ತೊಂದಿದೆ. ಊಟ ತೀರಾ ಕಡಿಮೆ ಮಾಡಿಯೋ ಅತಿಯಾಗಿ ವ್ಯಾಯಾಮ ಮಾಡಿಯೋ ಮುಟ್ಟು ನಿಂತ ತೆಳ್ಳನೆಯ ಹುಡುಗಿಯ ಸ್ಕ್ಯಾನಿನಲ್ಲೂ ಅಂಡಕೋಶಕಗಳು ಸಾಲಾಗಿ ಕಾಣಬಹುದು. ಅದನ್ನು ಪಿಸಿಒಎಸ್ ಎಂದು ತಿಳಿದು "ತೂಕ ಇಳಿಸಿ" ಎಂದರೆ ಬೆಂಕಿಗೆ ತುಪ್ಪ ಸುರಿದಂತೆ. ಅಲ್ಲಿ ಮಿದುಳೇ ಶಕ್ತಿ ಸಾಲದೆಂದು ಅಂಡಾಶಯಕ್ಕೆ ಕೊಡುವ ಸಂಕೇತವನ್ನು ನಿಲ್ಲಿಸಿರುತ್ತದೆ. ನಮ್ಮ ಪ್ರಕರಣದಲ್ಲಿ 1000 ಕ್ಯಾಲೊರಿಯ ಪಥ್ಯದಲ್ಲಿ ಮುಟ್ಟು ಪೂರಾ ನಿಂತದ್ದಕ್ಕೂ ಹೆಚ್ಚಾಗಿ ಇದೇ ಕಾರಣ. ಜೊತೆಗೆ, ಸ್ನಾಯುವಿಗೆ ಕೆಲಸವಿಲ್ಲದೆ ಬರಿ ಊಟ ಕಡಿದಾಗ ಹೋದ ಐದು ಕಿಲೊದಲ್ಲಿ ಸ್ನಾಯುವೂ ಹೋಯಿತು, ಮರಳಿ ಬಂದ ಆರರಲ್ಲಿ ಬಹುಪಾಲು ಕೊಬ್ಬು.

ಚಿಕಿತ್ಸೆ

ಮೊದಲ ಕೆಲಸ ಒಳಪದರ. ಪ್ರೊಜೆಸ್ಟರಾನಿನಂತೆ ಕೆಲಸ ಮಾಡುವ ಮೆಡ್ರಾಕ್ಸಿಪ್ರೊಜೆಸ್ಟರಾನ್ 10 ಮಿ.ಗ್ರಾಂ ದಿನಕ್ಕೊಂದು, 10 ದಿನ. ಮುಗಿದ ನಾಲ್ಕನೇ ದಿನ ಸ್ರಾವ ಬಂತು. ಇನ್ನು ಮುಂದೆ 90 ದಿನ ದಾಟಲು ಬಿಡುವುದಿಲ್ಲ ಎಂದು ಗೊತ್ತುಮಾಡಲಾಯಿತು. ಗರ್ಭನಿರೋಧಕ ಮಾತ್ರೆಯೂ ಸರಿಯಾದ ಆಯ್ಕೆಯೇ, ಅದರ ಈಸ್ಟ್ರೋಜನ್ ಎಸ್‌ಎಚ್‌ಬಿಜಿಯನ್ನು ಏರಿಸಿ ಕೂದಲಿಗೂ ಅನುಕೂಲ ಮಾಡುತ್ತದೆ. ತಮ್ಮ ಚಕ್ರ ತಾನಾಗಿ ಬರುತ್ತದೋ ನೋಡಬೇಕೆಂದು ಇವರು ಬೇಡವೆಂದರು.

ಊಟದಲ್ಲಿ ದಿನಕ್ಕೆ 300 ಕ್ಯಾಲೊರಿಯಷ್ಟೇ ಕಡಿತ. ಪ್ರೊಟೀನ್ 70 ಗ್ರಾಂ, ಅಂದರೆ ಕಿಲೊಗೆ 1.2ರಂತೆ, ಮೂರು ಹೊತ್ತಿಗೂ ಹಂಚಿ. ನಾರು 25ರಿಂದ 30 ಗ್ರಾಂ. ಪಿಸಿಒಎಸ್‌ಗೆಂದೇ ಒಂದು ವಿಶೇಷ ಪಥ್ಯ ಮಿಕ್ಕವಕ್ಕಿಂತ ಮೇಲೆಂಬುದಕ್ಕೆ ಪುರಾವೆಯಿಲ್ಲ. ವರ್ಷಗಟ್ಟಲೆ ನಡೆಸಬಲ್ಲ ಊಟವೇ ಒಳ್ಳೆಯದು.

ಹೆಚ್ಚು ಒತ್ತು ಕೊಟ್ಟದ್ದು ಸ್ನಾಯುವಿನ ಮೇಲೆ. ಸ್ನಾಯು ಸಂಕುಚಿಸಿದಾಗ ಗ್ಲೂಕೋಸ್ ಒಳಬಿಡುವ ಗ್ಲುಟ್4 ಬಾಗಿಲುಗಳು ಇನ್ಸುಲಿನ್ ಇಲ್ಲದೆಯೂ ಕೋಶದ ಅಂಚಿಗೆ ಬರುತ್ತವೆ. ಇನ್ಸುಲಿನ್ ಮಾತು ಕೇಳದ ಮೈಗೆ ಇದು ಹಿತ್ತಲ ಬಾಗಿಲಿದ್ದಂತೆ. ವಾರಕ್ಕೆ ಮೂರು ದಿನ 40 ನಿಮಿಷ ಭಾರದ ವ್ಯಾಯಾಮ: ಕೂತೇಳುವುದು, ಬಾಗಿ ಭಾರ ಎತ್ತುವುದು, ಮುಂದಕ್ಕೆ ತಳ್ಳುವುದು, ಹಿಂದಕ್ಕೆ ಎಳೆಯುವುದು, ತಲಾ ಮೂರು ಸುತ್ತು, ಸುತ್ತಿಗೆ 8ರಿಂದ 12. ಕೊನೆಯ ಎರಡು ಸಲ ಕಷ್ಟವಾಗುವಷ್ಟು ಭಾರವಿರಬೇಕು. ಹನ್ನೆರಡು ಸಲೀಸಾದ ದಿನ ಭಾರ ಹೆಚ್ಚಿಸಬೇಕು. ಪ್ರತಿ ಊಟದ ನಂತರ 15 ನಿಮಿಷ ಚುರುಕು ನಡಿಗೆ. ನಿದ್ದೆ ಏಳು ಗಂಟೆ.

ಎರಡು ಗಂಟೆಯ ಗ್ಲೂಕೋಸ್ 152 ಇದ್ದುದರಿಂದ, ಮೂತ್ರಪಿಂಡದ ಪರೀಕ್ಷೆ ನೋಡಿಕೊಂಡು, ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್: 500 ಮಿ.ಗ್ರಾಂ ರಾತ್ರಿ ಊಟದ ಜೊತೆ, ಎರಡು ವಾರಕ್ಕೊಮ್ಮೆ 500ರಂತೆ ಏರಿಸಿ 1500ಕ್ಕೆ.

ಎಡವಿದ ಜಾಗಗಳು

ಎರಡನೇ ವಾರ. "ಬೇಗ ಗುಣವಾಗಲಿ" ಎಂದು ಇವರೇ ನಾಲ್ಕು ದಿನದಲ್ಲಿ 1500ಕ್ಕೆ ಏರಿಸಿಕೊಂಡರು, ಅದೂ ಬೆಳಿಗ್ಗೆ ಬರಿಹೊಟ್ಟೆಯಲ್ಲಿ. ಭೇದಿ, ವಾಕರಿಕೆ. ಔಷಧಿ ಬಿಟ್ಟರು. ಒಂದು ವಾರ ಬಿಡುವು ಕೊಟ್ಟು, ನಿಧಾನವಾಗಿ ಕರಗುವ ಬಗೆಯ ಮಾತ್ರೆಯನ್ನು 500ರಿಂದ ಮತ್ತೆ ಶುರುಮಾಡಿದಾಗ ತೊಂದರೆಯಾಗಲಿಲ್ಲ. "ಮೆಟ್‌ಫಾರ್ಮಿನ್ ನನಗೆ ಆಗಿಬರಲ್ಲ" ಎನ್ನುವವರಲ್ಲಿ ಅನೇಕರ ಕಥೆ ಇಷ್ಟೇ. ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಇಳಿಯಬಹುದು, ಆಗಾಗ ನೋಡಬೇಕು.

ಆರನೇ ವಾರ. ತೂಕ 58.8. ಒಂದೂವರೆ ತಿಂಗಳ ಬೆವರಿಗೆ 200 ಗ್ರಾಂ! ಬಿಟ್ಟುಬಿಡುವ ಮಾತು ಬಂತು. ಟೇಪು ಹಿಡಿದರೆ 86 ಇದ್ದದ್ದು 83.5. ಕೊಬ್ಬು ಇಳಿಯುತ್ತಿತ್ತು, ಸ್ನಾಯುವೂ ಅದರ ಜೊತೆಗಿನ ನೀರೂ ಏರುತ್ತಿದ್ದವು. ತಕ್ಕಡಿ ಎರಡನ್ನೂ ಕೂಡಿಸಿ ಒಂದೇ ಅಂಕಿ ಹೇಳುತ್ತದೆ. ಅಲ್ಲಿಂದ ತೂಕ ತಿಂಗಳಿಗೊಮ್ಮೆ, ಟೇಪು ಎರಡು ವಾರಕ್ಕೊಮ್ಮೆ ಎಂದು ಬದಲಿಸಲಾಯಿತು. ಕೊಬ್ಬಿನ ಪ್ರಮಾಣ ತೋರಿಸುವ ಯಂತ್ರದಲ್ಲಿ ನಿಂತರೂ ಆಗುತ್ತದೆ, ಆದರೆ ಅದು ಕೊಬ್ಬನ್ನು ಅಳೆಯುವುದಿಲ್ಲ. ಮೈಯಲ್ಲಿ ಸಣ್ಣ ವಿದ್ಯುತ್ ಹರಿಸಿ ನೀರಿನಿಂದ ಲೆಕ್ಕ ಹಾಕುತ್ತದೆ. ನೀರು ಕುಡಿದು ನಿಂತರೆ ಒಂದು, ವ್ಯಾಯಾಮ ಮುಗಿಸಿ ನಿಂತರೆ ಇನ್ನೊಂದು. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದು, ಏನೂ ತಿನ್ನದೆ, ಅದೇ ಯಂತ್ರದಲ್ಲಿ ಮಾತ್ರ ಹೋಲಿಸಬೇಕು.

ಐದನೇ ತಿಂಗಳ ಕೊನೆ. ಚಕ್ರ 58, 44, ಈಗ 38 ದಿನ. ಅಂಡ ಬಿಡುಗಡೆಯಾಗುತ್ತಿದೆಯೇ ನೋಡಲು ಹೊರಗೆ ಮಾಡಿಸಿದ "21ನೇ ದಿನದ ಪ್ರೊಜೆಸ್ಟರಾನ್" 0.8 ಬಂತು, ಆಗಿಲ್ಲ ಎಂಬ ಷರಾ. 21ನೇ ದಿನ ಹೊಂದುವುದು 28 ದಿನದ ಚಕ್ರಕ್ಕೆ. ಪರೀಕ್ಷೆ ಮುಂದಿನ ಮುಟ್ಟಿಗೆ ಏಳು ದಿನ ಮೊದಲು ಆಗಬೇಕು. 38 ದಿನದ ಚಕ್ರದಲ್ಲಿ ಅದು 31ನೇ ದಿನ. ಮುಂದಿನ ಚಕ್ರದಲ್ಲಿ ಆ ಲೆಕ್ಕದಂತೆ ಮಾಡಿದಾಗ 9.2. ಮೂರು ದಾಟಿದರೆ ಅಂಡೋತ್ಪತ್ತಿ ಆಗಿದೆ ಎಂದೇ. ಅದೇ ದಿನ ಗರ್ಭನಿರೋಧದ ಮಾತೂ ಆಡಬೇಕಾಯಿತು. "ನನಗೆ ಪಿಸಿಒಎಸ್ ಇದೆ, ಗರ್ಭ ನಿಲ್ಲಲ್ಲ" ಎಂಬ ನಂಬಿಕೆಯಲ್ಲಿರುವಾಗಲೇ ಬೇಡದ ಬಸಿರು ನಿಲ್ಲುವುದು.

ಆರು ತಿಂಗಳಿಗೆ

ತೂಕ 56.4, ಇಳಿದದ್ದು 2.6 ಕಿಲೊ, ಶೇಕಡಾ 4.4. ಯಂತ್ರದ ಅಂದಾಜಿನಲ್ಲಿ ಕೊಬ್ಬು 3.2 ಕಿಲೊ ಇಳಿದು, ಕೊಬ್ಬಲ್ಲದ ಭಾಗ 0.6 ಏರಿತ್ತು. ಹೊಟ್ಟೆ 79.5. ಎರಡು ಗಂಟೆಯ ಗ್ಲೂಕೋಸ್ 124. ಇನ್ಸುಲಿನ್ 10.5, ಹೋಮಾ 2.3. ಟೆಸ್ಟೋಸ್ಟಿರಾನ್ 1.9 ನ್ಯಾನೊಮೋಲಿನಿಂದ 1.7ಕ್ಕೆ ಇಳಿದದ್ದು ಹೇಳಿಕೊಳ್ಳುವಂಥದ್ದಲ್ಲ. ಎಸ್‌ಎಚ್‌ಬಿಜಿ 19ರಿಂದ 31ಕ್ಕೆ ಏರಿದ್ದೇ ದೊಡ್ಡದು, ಸೂಚ್ಯಂಕ 10ರಿಂದ 5.5ಕ್ಕೆ ಬಂತು. ಟ್ರೈಗ್ಲಿಸರೈಡ್ 131. ಎಚ್‌ಡಿಎಲ್ 41, ಇನ್ನೂ ಕಡಿಮೆಯೇ. ಚಕ್ರ 36 ದಿನ.

ಶೇಕಡಾ 5ರಿಂದ 10ರಷ್ಟು ತೂಕ ಇಳಿದರೆ ಅಂಡೋತ್ಪತ್ತಿ ಮರಳುತ್ತದೆ ಎಂಬ ಮಾತು ದಪ್ಪ ಮೈಯವರ ಅನುಭವದಿಂದ ಬಂದದ್ದು. ತೂಕ ಹೆಚ್ಚಿಲ್ಲದವರಿಗೆ ಅದನ್ನೇ ಗುರಿಯಾಗಿ ಕೊಟ್ಟರೆ ಮತ್ತೆ 1000 ಕ್ಯಾಲೊರಿಯ ದಾರಿ ಹಿಡಿಯುತ್ತಾರೆ. ಇವರಿಗೆ ಕೊಟ್ಟ ಗುರಿ ಒಂದೇ, ಹೊಟ್ಟೆ 79.

ಕೂದಲಿನ ಅಂಕ 9ರಿಂದ 8 ಮಾತ್ರ. ಇದರಲ್ಲಿ ಅಚ್ಚರಿಯಿಲ್ಲ. ಒಮ್ಮೆ ಗಡುಸಾದ ಕೂದಲು ಹಾರ್ಮೋನು ಇಳಿದೊಡನೆ ಉದುರುವುದಿಲ್ಲ, ಬೆಳವಣಿಗೆಯ ಸುತ್ತು ಮುಗಿಯಬೇಕು. ಔಷಧಿಯಲ್ಲೂ ಆರು ತಿಂಗಳ ಮೊದಲು ಫಲ ಕೇಳಬಾರದು. ಲೇಸರ್ ಶುರುಮಾಡಲಾಯಿತು. ಆಂಡ್ರೋಜನ್ ಕೆಲಸಕ್ಕೆ ತಡೆಯೊಡ್ಡುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಬೇಕಾದರೆ ಜೊತೆಗೆ ಖಾತ್ರಿಯ ಗರ್ಭನಿರೋಧ ಇರಲೇಬೇಕು, ಹೊಟ್ಟೆಯಲ್ಲಿರುವ ಗಂಡು ಮಗುವಿನ ಬೆಳವಣಿಗೆಗೆ ಅದರಿಂದ ತೊಂದರೆಯಾಗಬಹುದು.

ಹನ್ನೊಂದನೇ ತಿಂಗಳು

ಕೆಲಸದ ಒತ್ತಡದಲ್ಲಿ ಎರಡೂವರೆ ತಿಂಗಳು ಭಾರದ ವ್ಯಾಯಾಮ ನಿಂತಿತು. ಔಷಧಿ, ಊಟ ಹಾಗೇ ಇದ್ದವು. ತೂಕ 56.9, ಬದಲಾಗಿಲ್ಲ ಎನ್ನಬಹುದು. ಹೊಟ್ಟೆ 82. ಚಕ್ರ 47 ದಿನ. ಮೆಟ್‌ಫಾರ್ಮಿನ್ ಪ್ರಮಾಣ ಹೆಚ್ಚಿಸಿ ಎಂದು ಇವರೇ ಕೇಳಿದರು, ಹೆಚ್ಚಿಸಲಿಲ್ಲ. ಅವೇ ನಾಲ್ಕು ಚಲನೆ, ಆದರೆ ವಾರಕ್ಕೆ ಎರಡೇ ದಿನ, 25 ನಿಮಿಷ ಎಂದು ವ್ಯಾಯಾಮವನ್ನು ಚಿಕ್ಕದು ಮಾಡಿ ಮತ್ತೆ ಹಿಡಿಸಲಾಯಿತು. ಎಂಟು ವಾರಕ್ಕೆ ಹೊಟ್ಟೆ 80, ಚಕ್ರ 37. ಗ್ಲೂಕೋಸ್ ಕುಡಿಸಿ ನೋಡುವ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡುವುದೆಂದೂ, ಮಗು ಬೇಕೆನಿಸಿದಾಗ ಚಕ್ರ ಹೀಗೇ ನಡೆಯುತ್ತಿದ್ದರೆ ಮೊದಲು ತಾವಾಗಿಯೇ ಪ್ರಯತ್ನಿಸಿ, ಆಗದಿದ್ದರೆ ಅಂಡ ಬಿಡುಗಡೆಗೆ ನೆರವಾಗುವ ಔಷಧಿ ಲೆಟ್ರೊಜೋಲ್‌ನಿಂದ ಆರಂಭಿಸುವುದೆಂದೂ ಕಡತದಲ್ಲಿ ಬರೆದಿಡಲಾಗಿದೆ.